ಗೋಧಿ ಬಿಟ್ಟ ಮನೆಗೊಂದು ಪುಟ್ಟ ಗಿರಣಿ

ಬರೀ ತಾಜಾ ಹಿಟ್ಟಿನ ಆಸೆಗೆ ಮನೆ ಗಿರಣಿ ಕೊಳ್ಳಬೇಕು ಅಂತಿದ್ದರೆ ಬೇಡ ಬಿಡಿ. ಓಣಿಯ ಗಿರಣಿಯಲ್ಲಿ ಕಿಲೋಗೆ ಐದಾರು ರೂಪಾಯಿಗೆ ಬೀಸಿಕೊಡುತ್ತಾರೆ. ಅಲ್ಲಿಯ ಕಲ್ಲಿನಲ್ಲಿ ಬಂದ ಜೋಳದ ಹಿಟ್ಟು ಇದಕ್ಕಿಂತ ಚೆನ್ನಾಗಿಯೇ ಇರುತ್ತದೆ. ಆದರೆ ಗೋಧಿ ಮುಟ್ಟಲೇಬಾರದವರು ಮನೆಯಲ್ಲಿ ಒಬ್ಬರಿದ್ದರೆ ಮಾತೇ ಬೇರೆ. ನಮ್ಮ ಮನೆಯಲ್ಲಿ ಇದ್ದಾಳೆ. ನಾಲ್ಕನೇ ಕ್ಲಾಸಿನ ಮಗಳು, ಸೀಲಿಯಾಕ್ ಕಾಯಿಲೆ. ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನು ಒಳಗೆ ಹೋದರೆ ಕರುಳು ಕೆಡುತ್ತದೆ. ಅವಳಿಗಾಗಿ 18,000 ಚಿಲ್ಲರೆ ಕೊಟ್ಟು ತಂದ ಒಂದು ಎಚ್‌ಪಿ ಮೋಟಾರಿನ ಗಿರಣಿ ವರ್ಷ ದಾಟಿ ಅಡುಗೆಮನೆಯ ಮೂಲೆಯಲ್ಲಿ ಕೂತಿದೆ. ಈ ವಿಮರ್ಶೆ ಅದರದ್ದು.

ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಗಿರಣಿಗಳು ಬಹಳಷ್ಟು ಗುಜರಾತಿನ ರಾಜ್‌ಕೋಟ್ ಕಡೆಯಿಂದ ಬರುತ್ತವೆ. ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ. ಹೊರಗಿನ ಸ್ಟಿಕರ್, ಬಾಗಿಲ ಮೇಲಿನ ಹೂವಿನ ಚಿತ್ರ ಬೇರೆ, ಅಷ್ಟೇ.

ನಾವು ಧಾರವಾಡದವರು. ಡಾಕ್ಟರು ಗೋಧಿ, ರವೆ, ಮೈದಾ, ಬಾರ್ಲಿ ಜನ್ಮಪೂರ್ತಿ ಬಿಡಬೇಕು ಅಂದಾಗ ಬಂಧುಬಳಗದವರೆಲ್ಲ ಹೇಳಿದ್ದು ಒಂದೇ ಮಾತು. "ನಿಮಗೇನ್ರಿ ತ್ರಾಸು, ರೊಟ್ಟಿ ತಿನ್ನೋ ಮಂದಿ." ಸುಳ್ಳಲ್ಲ. ಜೋಳ, ಸಜ್ಜೆ, ರಾಗಿ, ಅಕ್ಕಿ, ನವಣೆ, ಸಾಮೆ ಯಾವುದರಲ್ಲೂ ಗ್ಲುಟನ್ ಇಲ್ಲ. ಪಂಜಾಬಿನಲ್ಲೋ ಹರಿಯಾಣದಲ್ಲೋ ಇರುವ ತಾಯಿಗೆ ಮೂರು ಹೊತ್ತಿನ ಊಟವೇ ಬುಡಮೇಲು. ನಮಗೆ ಬಿಟ್ಟುಹೋದದ್ದು ಚಪಾತಿ, ಉಪ್ಪಿಟ್ಟು, ಶಿರಾ, ಹೋಳಿಗೆ, ಬಿಸ್ಕತ್ತು. ಬಿಸ್ಕತ್ತಿಗೆ ಮಗಳು ಅತ್ತಳು. ಉಳಿದದ್ದಕ್ಕೆ ಅಳಲಿಲ್ಲ.

ಅಷ್ಟಕ್ಕೆ ಮುಗಿಯಿತು ಅಂದುಕೊಂಡರೆ, ಗೋಧಿ ಬಿಟ್ಟು ತಿಂಗಳುಗಳಾದರೂ ಹೊಟ್ಟೆ ಉಬ್ಬರ ಪೂರ್ತಿ ಇಳಿಯಲಿಲ್ಲ. ಈ ಕಾಯಿಲೆ ಎಷ್ಟಿದೆ ಅಂತ ನೋಡುವ ಟಿಟಿಜಿ ರಕ್ತಪರೀಕ್ಷೆಯ ಅಂಕಿ ಇಳಿಯಿತು, ಆದರೆ ಬೇಕಾದಷ್ಟು ಇಳಿಯಲಿಲ್ಲ. ಡಯಟಿಷಿಯನ್ ಕೇಳಿದ ಮೊದಲ ಪ್ರಶ್ನೆ: "ಹಿಟ್ಟು ಎಲ್ಲಿ ಬೀಸಿಸ್ತೀರಿ?"

ನಮ್ಮ ಓಣಿಯ ಗಿರಣಿಯಲ್ಲಿ ಎರಡು ಯಂತ್ರ. ಒಂದು ಖಾರಪುಡಿ, ಮಸಾಲೆಗೆ. ಇನ್ನೊಂದು ಉಳಿದ ಎಲ್ಲದಕ್ಕೂ. ನಾನು ನಿಂತು ನೋಡಿದೆ. ನನ್ನ ಮುಂದಿನವರ ಗೋಧಿ ಮುಗಿಯಿತು. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಉದ್ದನೆಯ ಬಟ್ಟೆಯನ್ನು ಗಿರಣಿಯವರು ಕೋಲಿನಿಂದ ಎರಡು ಸಲ ಬಡಿದರು. ಒಳಗೆ ಅಂಟಿದ್ದ ಹಿಟ್ಟು ಉದುರಿತು. ಡಬ್ಬಿ ಬದಲಾಯಿತು. ನನ್ನ ಜೋಳ ಬಿತ್ತು. ಮೊದಲು ಬಂದ ಹಿಟ್ಟು ಕಂದು, ಆಮೇಲೆ ಬಂದದ್ದು ಬಿಳಿ. ಅವರ ತಲೆ, ಹುಬ್ಬು, ಗೋಡೆ, ತಕ್ಕಡಿ, ಬಲ್ಬಿನ ವೈರು ಎಲ್ಲದರ ಮೇಲೂ ಗೋಧಿ. ಮೊದಲಿನ ಹಿಟ್ಟು ಬೇರೆ ತೆಗೆಯಿರಿ ಅಂದೆ. ನಕ್ಕರು. "ಅಕ್ಕಾರ, ಒಂದ್ ಮುಷ್ಟಿ ಎಲ್ಲಾರದೂ ಎಲ್ಲಾರದ್ರಾಗ ಕೂಡೇ ಕೂಡ್ತದ. ಇಷ್ಟ್ ವರ್ಷ ಯಾರಿಗಿ ಏನಾಗೇದ?"

ಅವರ ಮಾತಿನಲ್ಲಿ ತಪ್ಪಿಲ್ಲ. ಬೇರೆಯವರಿಗೆ ಏನೂ ಆಗುವುದಿಲ್ಲ. ನಮ್ಮ ಕಡೆ ಈ ಕಾಯಿಲೆ ಕಾಣುವುದೇ ಅಪರೂಪ. ಗೋಧಿ ಜಾಸ್ತಿ ತಿನ್ನುವ ಉತ್ತರ ಭಾರತದಲ್ಲಿ ಹೆಚ್ಚು. ಹಾಗಾಗಿ ಅವರಿಗೆ ಗೊತ್ತಿರಬೇಕು ಅನ್ನುವುದೂ ಸರಿಯಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಪ್ಯಾಕೆಟ್ ಮೇಲೆ ಗ್ಲುಟನ್ ಇಲ್ಲ ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಎಫ್‌ಎಸ್‌ಎಸ್‌ಎಐ ಅನ್ನುವ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆಯ ನಿಯಮ ಅದು. ಗೋಧಿ ಹಿಟ್ಟಿನಲ್ಲಿ ನೂರಕ್ಕೆ ಎಂಟು ಪಾಲು ಗ್ಲುಟನ್ ಅಂತ ಹಿಡಿದರೂ, ಒಂದು ಕಿಲೋ ಜೋಳದ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಬಿದ್ದರೆ ಮಿತಿ ಮುಟ್ಟಿತು. ಕಾಲು ಗ್ರಾಂ ಅಂದರೆ ಒಂದು ಚಿಟಿಕೆ. ಅಲ್ಲಿ ಬೀಳುತ್ತಿದ್ದದ್ದು ಮುಷ್ಟಿ.

ಪ್ಯಾಕೆಟ್ ಹಿಟ್ಟೂ ತಂದು ನೋಡಿದೆವು. ಗ್ಲುಟನ್ ಇಲ್ಲದ ಚಪಾತಿ ಹಿಟ್ಟು ಅಂತ ಸಿಗುತ್ತದೆ. ಅಕ್ಕಿ, ಮೆಕ್ಕೆಜೋಳ, ಸಾಬುದಾನಿಯಂಥ ಪಿಷ್ಟ, ಜೊತೆಗೆ ಜ್ಯಾಂಥನ್ ಗಮ್ ಅನ್ನುವ ಅಂಟು. ಬೆಲೆ ಕೇಳಿದರೆ ಗಾಬರಿ. ಲಟ್ಟಿಸಲು ಬರುತ್ತದೆ, ಬಿಸಿ ಇದ್ದಾಗ ತಿನ್ನಬಹುದು, ಆರಿದರೆ ಹಪ್ಪಳ. ಶಾಲೆಯ ಡಬ್ಬಿಗೆ ಉಪಯೋಗವಿಲ್ಲ. ಜೋಳದ ಹಿಟ್ಟಿನ ಪ್ಯಾಕೆಟ್‌ದು ಇನ್ನೊಂದು ಕಥೆ. ಜೋಳದ ರೊಟ್ಟಿಗೆ ಗ್ಲುಟನ್ನಿನ ಆಸರೆ ಇಲ್ಲ. ಎಸರಿನ ಬಿಸಿಗೆ ಹಿಟ್ಟು ಬೆಂದು ಅಂಟಾಗಬೇಕು, ಆಗಲೇ ಅದು ಹಿಡಿದುಕೊಳ್ಳುವುದು. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಆ ಜಿಗಟು ಇರುವುದಿಲ್ಲ. ಬಡಿಯುವಾಗಲೇ ಅಂಚು ಸೀಳುತ್ತದೆ. ಪ್ಯಾಕೆಟ್ ಹಿಟ್ಟಿನ ರೊಟ್ಟಿ ನೋಡಿ ನಮ್ಮ ಅತ್ತೆ "ಇದೇನ ಕರ್ನಾಟಕದ ನಕಾಶೆ ಏನ?" ಅಂದರು.

ಸರಿ, ಗಿರಣಿಗೆ ಬರೋಣ.

ನೋಡಲು ಸಣ್ಣ ಕಪಾಟು. ಮೇಲೆ ಕಾಳು ಸುರಿಯುವ ಬಾಯಿ. ಬಾಗಿಲು ತೆಗೆದರೆ ಸ್ಟೀಲಿನ ಒಂದು ಗುಂಡನೆಯ ಗೂಡು, ಅದರೊಳಗೆ ತಿರುಗುವ ಬ್ಲೇಡು. ಗೂಡಿಗೆ ಜಾಳಿಗೆ ಕೂರಿಸಬೇಕು. ಹಿಟ್ಟು ಆ ಜಾಳಿಗೆಯ ಕಣ್ಣಿನಿಂದ ಹೊರಬಿದ್ದು ಕೆಳಗಿನ ಡಬ್ಬಿಗೆ ಸೇರುತ್ತದೆ. ಗಾಳಿಗೆ ಹಾರುವ ಹಿಟ್ಟನ್ನು ಹಿಡಿಯಲು ಒಂದು ಬಟ್ಟೆಯ ಚೀಲ. ಬಾಗಿಲು ತೆಗೆದರೆ ಯಂತ್ರ ತಾನೇ ನಿಲ್ಲುತ್ತದೆ, ಮಕ್ಕಳಿರುವ ಮನೆಗೆ ಇದು ಒಳ್ಳೆಯದು. ಕಾಳು ಎಷ್ಟು ಜೋರಾಗಿ ಬೀಳಬೇಕು ಅಂತ ತಿರುಗಿಸುವ ಒಂದು ಗುಬ್ಬಿ ಇದೆ. ಅವಸರ ಮಾಡಿ ಪೂರ್ತಿ ತಿರುಗಿಸಿದರೆ ಮೋಟಾರು ಮುನಿಸಿಕೊಂಡು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹಿಂದಿನ ಗುಂಡಿ ಒತ್ತಿದರೆ ಮತ್ತೆ ಶುರು.

ಕರೆಂಟಿನ ಚಿಂತೆ ಬೇಡ. ಒಂದು ಎಚ್‌ಪಿ ಅಂದರೆ ಸುಮಾರು 750 ವ್ಯಾಟ್. ಒಂದು ಗಂಟೆ ಪೂರ್ತಿ ಓಡಿಸಿದರೂ ಒಂದು ಯೂನಿಟ್ಟಿನ ಆಸುಪಾಸು. ನಮಗೆ ವಾರಕ್ಕೆ ಅಷ್ಟು ಬೇಕಾಗುವುದೇ ಇಲ್ಲ. ಎರಡು ಕಿಲೋ ಜೋಳ ಬೀಸಲು ಇಪ್ಪತ್ತು ನಿಮಿಷ ಹಿಡಿಯುತ್ತದೆ.

ಸದ್ದು ಮಾತ್ರ ಹೇಳಬಾರದು. ಕಂಪನಿಯ ಪುಸ್ತಕದಲ್ಲಿ ಸದ್ದೇ ಇಲ್ಲ ಅಂತ ಬರೆದಿದ್ದಾರೆ, ಬರೆದವರು ಓಡಿಸಿ ನೋಡಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಧಾರವಾಡ ಮಲಗುವ ಹೊತ್ತು. ಆಗ ಹಚ್ಚಿದರೆ ಪಕ್ಕದ ಮನೆಯ ಕಾಕಾ ಕಿಟಕಿಯಿಂದ ಕೆಮ್ಮುತ್ತಾರೆ. ನಾನು ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಬೀಸುತ್ತೇನೆ. ಆಗ ಓಣಿಯ ಮೋಟಾರುಗಳೆಲ್ಲ ಕೂಗುತ್ತಿರುತ್ತವೆ, ಇದೂ ಒಂದು.

ಇನ್ನು ಹಿಟ್ಟಿನ ಗುಣ. ಇದು ಕಲ್ಲು ಅಲ್ಲ, ಬ್ಲೇಡು. ಕಾಳನ್ನು ಅರೆಯುವುದಿಲ್ಲ, ಬಡಿದು ಪುಡಿ ಮಾಡುತ್ತದೆ. ಎಲ್ಲಕ್ಕಿಂತ ಸಣ್ಣ ಕಣ್ಣಿನ ಜಾಳಿಗೆ ಹಾಕಿದರೆ ಜೋಳದ ಹಿಟ್ಟು ನುಣ್ಣಗೆ ಬರುತ್ತದೆ, ಆದರೆ ಕೈಗೆ ಹತ್ತುವಷ್ಟು ಬಿಸಿ. ಆ ಬಿಸಿಯಲ್ಲೇ ಡಬ್ಬಿ ಮುಚ್ಚಿದರೆ ಬೆವರಿ ಮುಗ್ಗಲು ವಾಸನೆ ಬರುತ್ತದೆ. ಅಗಲ ಪರಾತದಲ್ಲಿ ಹರವಿ, ಪೂರ್ತಿ ಆರಿದ ಮೇಲೆ ತುಂಬಬೇಕು. ಅತ್ತೆ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು, ಬಿಟ್ಟು, ಬೆರಳಿನಿಂದ ತಿಕ್ಕಿ ನೋಡಿದರು. "ಹಿಟ್ಟು ಚಲೋ ಅದ. ಜಿಗಟು ಒಂದೀಟು ಕಮ್ಮಿ." ಅವರ ಮಾತೇ ಸರಿ. ಅದಕ್ಕೆ ಎಸರು ಸ್ವಲ್ಪ ಜಾಸ್ತಿ ಹಾಕುತ್ತೇನೆ, ಅಂಗೈಯ ಬುಡದಿಂದ ಇನ್ನೆರಡು ನಿಮಿಷ ಹೆಚ್ಚು ನಾದುತ್ತೇನೆ, ನಾಲ್ಕೈದು ದಿನಕ್ಕೆ ಆಗುವಷ್ಟೇ ಬೀಸುತ್ತೇನೆ. ರೊಟ್ಟಿ ಉಬ್ಬುತ್ತದೆ. ಜೋಳ ಒಳ್ಳೆಯದಿರಬೇಕು, ಅದು ಬೇರೆ ಮಾತು. ವಿಜಯಪುರದ ಕಡೆಯ ಹಿಂಗಾರಿ ಮಾಲದಂಡಿ ಜೋಳ ಹಾಕಿದರೆ ಈ ಯಂತ್ರವೂ ಚೆನ್ನಾಗಿಯೇ ಬೀಸುತ್ತದೆ. ಮುಂಗಾರಿಯ ಹೈಬ್ರಿಡ್ ಜೋಳ ಹಾಕಿದರೆ ಯಾವ ಗಿರಣಿಯೂ ಉಳಿಸುವುದಿಲ್ಲ.

ನಿಜವಾಗಿ ಈ ಯಂತ್ರ ಗೆದ್ದದ್ದು ಸಜ್ಜೆಯಲ್ಲಿ. ಸಜ್ಜೆಯಲ್ಲಿ ಎಣ್ಣೆಯಂಶ ಇರುವುದರಿಂದ ಹಿಟ್ಟು ಬೇಗ ಕಹಿಯಾಗುತ್ತದೆ. ಗಿರಣಿಗೆ ಹೋದರೆ ಅರ್ಧ ಕಿಲೋ ಬೀಸಿಕೊಡಿ ಅನ್ನಲು ನಾಚಿಕೆ. ಇಲ್ಲಿ ಒಂದು ಹೊತ್ತಿಗೆ ಬೇಕಾದಷ್ಟು ಬೀಸಿಕೊಳ್ಳಬಹುದು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಶೇಂಗಾ ಹಿಂಡಿ. ಮಗಳು ಚಪಾತಿ ಮರೆತದ್ದು ಆ ದಿನ ಅಂತ ನನ್ನ ಗುಮಾನಿ.

ಕಡಲೆ ಹಿಟ್ಟನ್ನೂ ಈಗ ಮನೆಯಲ್ಲೇ ಬೀಸುತ್ತೇನೆ. ಜುಣಕ, ಮಿರ್ಚಿ, ಎಲ್ಲವೂ ಅದರಿಂದಲೇ. ಹೊರಗಿನ ಮಿರ್ಚಿಯಲ್ಲಿ ಕಡಲೆ ಹಿಟ್ಟೇ ಇದ್ದರೂ ಅದೇ ಎಣ್ಣೆಯಲ್ಲಿ ಸಮೋಸಾ ಕರಿದಿರುತ್ತಾರಲ್ಲ. ಗಿರ್ಮಿಟ್ ಕೂಡ ಈಗ ಮನೆಯದೇ. ದೊಡ್ಡ ಕಣ್ಣಿನ ಜಾಳಿಗೆ ಹಾಕಿದರೆ ಅಕ್ಕಿಯ ರವೆ ಇಡ್ಲಿಗೆ, ನವಣೆಯ ರವೆ ಉಪ್ಪಿಟ್ಟಿಗೆ. ನವಣೆ ಉಪ್ಪಿಟ್ಟು ರವೆ ಉಪ್ಪಿಟ್ಟಿನಂತೆ ಆಗುವುದಿಲ್ಲ, ಆಗುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಅದರ ರುಚಿ ಅದಕ್ಕೆ. ಶೇಂಗಾ, ಎಳ್ಳು, ಹಸಿ ಕಾಳು ಇದರಲ್ಲಿ ಹಾಕಲೇಬಾರದು. ಜಾಳಿಗೆಯ ಕಣ್ಣೆಲ್ಲ ಮೆತ್ತಿಕೊಂಡು ಯಂತ್ರ ಕೆಡುತ್ತದೆ.

ಈಗ ದೂರು. ಯಂತ್ರ ಮನೆಗೆ ಬಂದ ಎರಡು ದಿನಕ್ಕೆ ಕಂಪನಿಯ ಹುಡುಗ ಡೆಮೊ ಕೊಡಲು ಬಂದ. ಒಳ್ಳೆಯ ಹುಡುಗ, ಚಪ್ಪಲಿ ಹೊರಗೆ ಬಿಟ್ಟು, ಕೈತೊಳೆದು ಒಳಗೆ ಬಂದ. ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದ. ಬಿಚ್ಚಿದರೆ ಗೋಧಿ! "ಇದರಾಗ ಚೆಂದ ಕಾಣ್ತದ್ರಿ ಮೇಡಂ, ಎಲ್ಲಾ ಮನಿಯಾಗೂ ಇದರಾಗ ತೋರಿಸ್ತೀವಿ." ನಾನು ಕೂಗಿದ ಕೂಗಿಗೆ ಅತ್ತೆ ಹಿತ್ತಲಿನಿಂದ ಓಡಿ ಬಂದರು. ಆರ್ಡರ್ ಮಾಡುವಾಗಲೇ ಯಾಕೆ ಕೊಳ್ಳುತ್ತಿದ್ದೇವೆ ಅಂತ ಫೋನಿನಲ್ಲಿ ವಿವರವಾಗಿ ಹೇಳಿದ್ದೆ. ಆ ಮಾತು ಈ ಹುಡುಗನವರೆಗೆ ಬಂದೇ ಇರಲಿಲ್ಲ. ಅವನಿಗೆ ನಮ್ಮ ಅಕ್ಕಿಯನ್ನೇ ಕೊಟ್ಟು ತೋರಿಸು ಅಂದೆ.

ಅವನು ಗೂಡು ಬಿಚ್ಚಿದಾಗ ಇನ್ನೊಂದು ಕಂಡಿತು. ಹೊಸ ಯಂತ್ರದ ಗೂಡಿನ ಮೂಲೆಯಲ್ಲಿ, ಸ್ಕ್ರೂ ತಲೆಯ ಸುತ್ತ, ತೆಳ್ಳಗೆ ಕಂದು ಹಿಟ್ಟು. ಫ್ಯಾಕ್ಟರಿಯಲ್ಲಿ ಓಡಿಸಿ ನೋಡಿಯೇ ಕಳಿಸುತ್ತಾರಂತೆ. ಯಾವ ಕಾಳಿನಲ್ಲಿ ಅಂತ ಕೇಳಿದರೆ ಹುಡುಗ ತಲೆ ಕೆರೆದ. ಜಾಳಿಗೆಗಳನ್ನು ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟೆ. ಬಟ್ಟೆಯ ಚೀಲ ಬದಲಿಸಿ ಕೊಡಲೇಬೇಕು ಅಂತ ಹಟ ಹಿಡಿದೆ, ಕೊಟ್ಟರು. ಗೂಡನ್ನು ಬ್ರಶ್ಶಿನಿಂದ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದೆ. ಆಮೇಲೂ ಅಗ್ಗದ ಅಕ್ಕಿ ತಂದು ಸಾಕು ಅನಿಸುವವರೆಗೆ ಬೀಸಿ ಬೀಸಿ ತೆಗೆದೆ. ಆ ಹಿಟ್ಟು ಹಾಲಿನವರ ಎಮ್ಮೆಗೆ ಹೋಯಿತು.

ಗಿರಣಿ ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಕಾಳಿನಲ್ಲೇ ಗೋಧಿ ಇದ್ದರೆ? ಕಿರಾಣಿ ಅಂಗಡಿಯಲ್ಲಿ ಗೋಧಿ ತೆಗೆದ ಡಬ್ಬಿಯನ್ನೇ ಜೋಳದ ಚೀಲಕ್ಕೂ ಹಾಕುತ್ತಾರೆ. ನಮ್ಮ ಮನೆಯಲ್ಲಿ ಈಗ ಕಾಳು ಹಸನು ಮಾಡುವುದು ಅತ್ತೆಯ ಕೆಲಸ, ಬೇರೆ ಯಾರು ಮಾಡಿದರೂ ಅವರು ಒಪ್ಪುವುದಿಲ್ಲ. ಹೊರಸಿನ ಮೇಲೆ ಬಿಳಿ ಧೋತ್ರ ಹಾಸಿ, ಮೊದಲು ಮೊರದಲ್ಲಿ ಕೇರಿ, ಆಮೇಲೆ ಒಂದೊಂದೇ ಹಿಡಿಯಷ್ಟು ಹರವಿ ನೋಡುತ್ತಾರೆ. ಜೋಳ ದುಂಡಗೆ, ಮುತ್ತಿನ ಬಣ್ಣ. ಗೋಧಿ ಉದ್ದ, ಕಂದು, ಹೊಟ್ಟೆಯ ಮೇಲೆ ಗೀರು. ಕಣ್ಣಿಗೆ ಬಿದ್ದೇ ಬೀಳುತ್ತದೆ. ಸಿಕ್ಕ ಗೋಧಿಯನ್ನು ಪಕ್ಕದ ಬಟ್ಟಲಿಗೆ ಹಾಕಿ ಸಂಜೆ ನನಗೆ ತೋರಿಸುತ್ತಾರೆ, ಕಳ್ಳರನ್ನು ಹಿಡಿದ ಪೊಲೀಸರಷ್ಟೇ ಗತ್ತು. ನವಣೆ, ಸಾಮೆ ಸಣ್ಣವು, ಅವುಗಳಲ್ಲಿ ಹುಡುಕುವುದು ಇನ್ನೂ ಸುಲಭ. ಕಷ್ಟ ಇರುವುದು ಈಗಾಗಲೇ ಒಡೆದ ರವೆ, ಹಿಟ್ಟುಗಳಲ್ಲಿ. ಅದಕ್ಕೇ ಇಡಿ ಕಾಳನ್ನೇ ತರುವುದು. ಈಗ ಜೋಳವನ್ನು ರೈತರ ಮನೆಯಿಂದಲೇ ಚೀಲಗಟ್ಟಲೆ ತರುತ್ತೇವೆ.

ಹಿಟ್ಟಿನಾಚೆಗೂ ಗೋಧಿ ಅಡಗಿ ಕೂತಿರುತ್ತದೆ. ಇಂಗಿನ ಡಬ್ಬಿ ತಿರುಗಿಸಿ ಓದಿ. ಪುಡಿ ಇಂಗಿನಲ್ಲಿ ಬಹಳಷ್ಟಕ್ಕೆ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ಹಾರ್ಲಿಕ್ಸ್‌ನಲ್ಲಿ ಗೋಧಿಯೂ ಇದೆ, ಬಾರ್ಲಿಯೂ ಇದೆ. ಮನೆಯಲ್ಲೇ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಆದರೆ ಕೊಡಬಹುದು. ನಮ್ಮ ಕಡೆ ಇನ್ನೊಂದು ಫಜೀತಿ ಇದೆ, ಜವೆಗೋಧಿ. ಬಾರ್ಲಿ ಅಲ್ಲ, ಖಪ್ಲಿ ಅನ್ನುವ ಗೋಧಿ. ಹುಗ್ಗಿಗೆ, ಶ್ಯಾವಿಗೆಗೆ ಅದೇ ಬೇಕು. ನಮ್ಮೂರ ಕೃಷಿ ವಿಶ್ವವಿದ್ಯಾಲಯವೇ ಡಿಡಿಕೆ 1025, ಡಿಡಿಕೆ 1029 ಅಂತ ಅದರ ತಳಿಗಳನ್ನು ಬಿಟ್ಟಿದೆ. ಸಕ್ಕರೆ ಕಾಯಿಲೆಯವರು ಹುಡುಕಿಕೊಂಡು ಹೋಗಿ ತರುತ್ತಾರೆ. ಹಾಗಾಗಿ ಮದುವೆ ಮನೆಯಲ್ಲಿ ಯಾರಾದರೂ ಒಬ್ಬರು ಮಗಳ ತಟ್ಟೆಗೆ ಬಡಿಸಲು ಬಂದೇ ಬರುತ್ತಾರೆ. "ಇದು ಜವೆಗೋಧಿ ಹುಗ್ಗಿ ವೈನಿ, ಕೂಸಿಗಿ ಏನೂ ಆಗಂಗಿಲ್ಲ." ಆಗುತ್ತದೆ. ಅದೂ ಗೋಧಿಯೇ, ಅದರಲ್ಲೂ ಗ್ಲುಟನ್ ಇದೆ. ಸಕ್ಕರೆ ಕಾಯಿಲೆ ಬೇರೆ, ಇದು ಬೇರೆ.

ಗಿರಣಿ ಇದೆ ಅಂತ ಗೊತ್ತಾದ ಮೇಲೆ ಓಣಿಯವರದ್ದೂ ಒಂದು ಸಂಕಟ. "ಲೈಟ್ ಹೋಗಿತ್ತು, ಗಿರಣಿ ಬಂದ್ ಇತ್ತು, ಎರಡ್ ಕಿಲೋ ಗೋಧಿ ಹಾಕ್ಕೊಡ್ರಿ ಅಕ್ಕಾರ." ಇಲ್ಲ ಅನ್ನುವುದು ನಮ್ಮ ಕಡೆ ದೊಡ್ಡ ಅಪರಾಧ. ಕೆಲವರು ಮುನಿಸಿಕೊಂಡರು. ಕೊನೆಗೆ ಮಗಳೇ ಪೆನ್ಸಿಲ್ಲಿನಲ್ಲಿ "ಇಲ್ಲಿ ಗೋಧಿ ಹಾಕಬಾರದು" ಅಂತ ಬರೆದು ಯಂತ್ರದ ಬಾಗಿಲಿಗೆ ಅಂಟಿಸಿದಳು. ಮಕ್ಕಳ ಅಕ್ಷರ ನೋಡಿದರೆ ಯಾರಿಗೂ ಜಗಳ ಆಡಲು ಮನಸ್ಸು ಬರುವುದಿಲ್ಲ. ಜೋಳ ತಂದವರಿಗೂ ಇಲ್ಲ ಅನ್ನುತ್ತೇನೆ, ಅವರ ಕಾಳು ಯಾರು ಹಸನು ಮಾಡಿದ್ದಾರೋ. ನಮ್ಮ ಮನೆಯವರು ಚಪಾತಿ ಆಸೆಯನ್ನು ಆಫೀಸಿನ ಕ್ಯಾಂಟೀನಿನಲ್ಲಿ ತೀರಿಸಿಕೊಳ್ಳುತ್ತಾರೆ. ಶರ್ಟಿನ ಮೇಲೆ ಪುಡಿ ಉಳಿದಿರುತ್ತದೆ, ನಾನು ಏನೂ ಅನ್ನುವುದಿಲ್ಲ, ಬಟ್ಟೆ ಬದಲಿಸಿ ಅಡುಗೆಮನೆಗೆ ಬನ್ನಿ ಅಂತೇನೆ.

ಮಗಳ ಟಿಟಿಜಿ ಈಗ ಇಳಿದಿದೆ, ತೂಕ ಏರಿದೆ. ಯಂತ್ರದಿಂದಲೇ ಅಂತ ಹೇಳಲಾರೆ, ಇಂಗು, ಎಣ್ಣೆ, ಹಂಚು, ಲಟ್ಟಣಿಗೆ ಎಲ್ಲವನ್ನೂ ಅದೇ ಹೊತ್ತಿಗೆ ಬದಲಿಸಿದ್ದೆವು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಕಳೆದದ್ದು ಡೆಮೊದ ಗೋಧಿಗೆ, ಅರ್ಧ ಸದ್ದಿಗೆ. ಕೊಳ್ಳುವವರು ಅಂಗಡಿಯಲ್ಲಿ ಓಡಿಸಿ ತೋರಿಸಲು ಬಿಡಬೇಡಿ, ಪ್ಯಾಕಿಂಗ್ ಒಡೆಯದ್ದನ್ನೇ ಕೇಳಿ. ಇನ್ನೊಂದು ಬಟ್ಟೆ ಚೀಲ ಮೊದಲೇ ತೆಗೆದಿಟ್ಟುಕೊಳ್ಳಿ, ತೊಳೆದದ್ದು ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ. ಪ್ರತಿ ಸಲ ಬೀಸಿದ ಮೇಲೆ ಗೂಡನ್ನು ಬ್ರಶ್ಶಿನಿಂದ ಒರೆಸಿ, ಇಲ್ಲದಿದ್ದರೆ ಉಳಿದ ಹಿಟ್ಟಿಗೆ ನುಸಿ ಹತ್ತುತ್ತದೆ. ಸೆಕೆಂಡ್ ಹ್ಯಾಂಡ್ ಅಂತೂ ಬೇಡವೇ ಬೇಡ. ಅರ್ಧ ಬೆಲೆಗೆ ಸಿಗುತ್ತದೆ ಅಂತ ನಮ್ಮ ಮನೆಯವರು ಒಂದು ನೋಡಿಟ್ಟಿದ್ದರು. ಮಾರುವವರು ಫೋಟೋ ಕಳಿಸಿದ್ದರು, ಡಬ್ಬಿ ತುಂಬ ಗೋಧಿ ಹಿಟ್ಟು.